ಸೊಲೆದಾದ್ ಮಾತೆಯ ಒಳಲಂಗ

ಅಮೆರಿಕದವರು ಆಳುತ್ತಿದ್ದ ನಮ್ಮ ಬುಲಕಾನ್ ಸೀಮೆಯಲ್ಲಿ ಅವರ ಬಾವುಟವನ್ನು ಪನ್ಯಾಂಗಳಷ್ಟು ಚೆನ್ನಾಗಿ ಹೊಲಿಯುವವರು ಇನ್ನೊಬ್ಬರಿರಲಿಲ್ಲ. ಇದು ಹೊಗಳಿಕೆಯೋ ಬೈಗುಳವೋ ಎಂದು ನನ್ನನ್ನು ಕೇಳಬೇಡಿ. ಶಾಲೆಗೊಂದು, ಪುರಸಭೆಗೊಂದು, ಅಂಚೆ ಕಚೇರಿಗೊಂದು, ಎಲ್ಲವೂ ಅವಳ ಕೈಯಿಂದಲೇ ಹೋಗಬೇಕು. ಆ ಜನಕ್ಕೋ ನಕ್ಷತ್ರ ಎಷ್ಟಿದ್ದರೂ ಸಾಲದು. ನಲವತ್ತೈದಿದ್ದದ್ದು ನಲವತ್ತಾರಾಯಿತು, ಅದನ್ನು ಹೊಲಿದು ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ನಲವತ್ತೆಂಟಾಯಿತು. "ನಮ್ಮದ್ರಲ್ಲಿ ಮೂರೇ ಇದ್ವು, ಮೂರೇ ಸಾಕಾಗಿತ್ತು" ಎಂದು ಅವಳ ಗಂಡನ ಅಕ್ಕ ಇಸ್ಕಾ ಒಮ್ಮೆ ಬಾವಿಕಟ್ಟೆಯಲ್ಲಿ ಎಲ್ಲರೆದುರು ಅಂದುಬಿಟ್ಟಿದ್ದಳು. ಪನ್ಯಾಂಗ್ ಕೈಲಿದ್ದ ಕೊಡ ಬಿಟ್ಟು ಅವಳ ಬಾಯಿ ಮುಚ್ಚಿದ್ದಳು. ಕೊಡ ಒಡೆದೇ ಹೋಯಿತು.

ಮೂರು ನಕ್ಷತ್ರದ ನಮ್ಮ ದೇಶದ ಆ ಬಾವುಟವನ್ನು ಯಾರೂ ಹಾರಿಸಕೂಡದು ಎಂದು ಕಾನೂನು ಬಂದು ಆಗಲೇ ಒಂಬತ್ತು ವರ್ಷವಾಗಿತ್ತು. ಹಾರಿಸಿದರೆ ದಂಡ, ಇಲ್ಲದಿದ್ದರೆ ಜೈಲು. ಕಾನೂನಿನಲ್ಲಿ ನಿಜವಾಗಿ ಏನು ಬರೆದಿತ್ತೋ ಊರವರಿಗೇನು ಗೊತ್ತು? ಮನೆಯಲ್ಲಿ ಇಟ್ಟುಕೊಂಡರೂ ಹಿಡಿದೊಯ್ಯುತ್ತಾರೆ ಎಂದೇ ಎಲ್ಲರೂ ನಂಬಿದ್ದರು. ಪೊಲೀಸರು ಆ ವರ್ಷ ಮನೆಮನೆಗೂ ನುಗ್ಗಿ ಪೆಟ್ಟಿಗೆ ತೆಗೆಸಿ ನೋಡಿದರು. ಪನ್ಯಾಂಗಳ ಮನೆಯಲ್ಲೂ ನೋಡಿದರು. ಅಕ್ಕಿಯ ಗುಡಾಣಕ್ಕೆ ಕೈ ಹಾಕಿದರು, ಚಾಪೆ ಕೊಡವಿದರು, ಗಾಜಿನ ಪೆಟ್ಟಿಗೆಯೊಳಗೆ ನಿಂತಿದ್ದ ಸೊಲೆದಾದ್ ಮಾತೆಗೆ ಮಾತ್ರ ಟೋಪಿ ತೆಗೆದು ಕೈಮುಗಿದು ಹೊರಟುಹೋದರು.

ಬಾವುಟ ಇದ್ದದ್ದು ಅಲ್ಲೇ.

ಸೊಲೆದಾದ್ ಮಾತೆ ಎಂದರೆ ಮಗನನ್ನು ಕಳೆದುಕೊಂಡು ಒಂಟಿಯಾಗಿ ನಿಂತ ಮರಿಯಮ್ಮ. ಪನ್ಯಾಂಗಳ ಗಂಡನ ಮನೆತನದವರು ನಾಲ್ಕು ತಲೆಮಾರಿನಿಂದ ಅವಳನ್ನು ಮನೆಯಲ್ಲಿಟ್ಟು ಸಾಕಿದ್ದಾರೆ. ವರ್ಷಕ್ಕೊಮ್ಮೆ, ಯೇಸು ಸತ್ತ ಶುಕ್ರವಾರ, ಕಪ್ಪು ಮಕಮಲ್ಲು ಉಟ್ಟು ಅವಳು ಮೆರವಣಿಗೆಯ ಕೊನೆಯಲ್ಲಿ ಊರೆಲ್ಲ ಸುತ್ತುತ್ತಾಳೆ. ಮುಖ, ಕೈ ಮಾತ್ರ ದಂತದ್ದು. ಸೊಂಟದಿಂದ ಕೆಳಗೆ ಬರೀ ಮರದ ಪಟ್ಟಿಗಳ ಪಂಜರ. ಅದರ ಮೇಲೆ ಒಂದರ ಮೇಲೊಂದು ಲಂಗ. ಎರಡು ಬಿಳಿ ಲಂಗದ ಒಳಗೆ, ಪಂಜರಕ್ಕೆ ಅಂಟಿಕೊಂಡ ಹಾಗೆ, ಪನ್ಯಾಂಗ್ ಅದನ್ನು ಸುತ್ತಿದ್ದಳು. ಮಾತೆಗೆ ಬಟ್ಟೆ ಉಡಿಸುವಾಗ ಗಂಡಸರ ನೆರಳೂ ಬೀಳಕೂಡದು, ಪಾದ್ರಿಯದ್ದೂ ಸಹ. ಪೊಲೀಸರೆಲ್ಲ ಗಂಡಸರೇ ತಾನೆ? ಇದಕ್ಕಿಂತ ಭದ್ರವಾದ ಜಾಗ ಎಲ್ಲಿ ಸಿಗುತ್ತದೆ?

ಅದು ಅವಳೇ ಹೊಲಿದ ಬಾವುಟ. ಮದುವೆಯಾಗಿ ಐದು ತಿಂಗಳಿಗೆ, ಗಂಡ ತೆರಿಯೊ ದಂಡು ಕಟ್ಟಿಕೊಂಡು ಹೊರಟಾಗ, ತನ್ನ ಮದುವೆಯ ರೇಷ್ಮೆ ಲಂಗವನ್ನೇ ಕತ್ತರಿಸಿ ಸೂರ್ಯನನ್ನು ಮಾಡಿದ್ದಳು. ಮೊದಲು ಸ್ಪೇನಿನವರ ಮೇಲೆ ಯುದ್ಧ, ಆಮೇಲೆ ಅಮೆರಿಕದವರ ಮೇಲೆ. ಎರಡು ವರ್ಷಕ್ಕೆ ಬಾವುಟವೊಂದೇ ಮನೆಗೆ ಬಂತು, ಅಕ್ಕಿಯ ಮೂಟೆಯೊಳಗೆ. ತೆರಿಯೊ ಯಾವ ಹೊಳೆಯ ದಂಡೆಯಲ್ಲಿ ಬಿದ್ದ, ಯಾರು ಮಣ್ಣು ಮುಚ್ಚಿದರು, ಒಂದೂ ತಿಳಿಯಲಿಲ್ಲ. ಆಗ ಮಗಳಿಗೆ ಒಂದು ವರ್ಷ. ದಂಗೆಕೋರರ ಹೆಂಡಿರನ್ನು ಕರೆಸಿ ಪ್ರಶ್ನೆ ಕೇಳುತ್ತಿದ್ದ ಕಾಲ ಅದು. ಅಷ್ಟರಲ್ಲಿ ಊರಿಗೆ ಕಾಲರಾ ಬಂತು. ಕಾಲರಾದ ಹೆಣಗಳನ್ನು ಸುಣ್ಣದ ಗುಂಡಿಗೆ ಹಾಕುತ್ತಿದ್ದರು, ಸಮಾಧಿ ಎಲ್ಲಿ ಎಂದು ಯಾರೂ ಕೇಳುತ್ತಿರಲಿಲ್ಲ. ಪನ್ಯಾಂಗ್ ತನ್ನ ಗಂಡನನ್ನೂ ಬಾಯಿಮಾತಿನಲ್ಲಿ ಆ ಗುಂಡಿಗೇ ಹಾಕಿದಳು. ಮಗಳು ಚೊಲೆಂಗ್ ಅದನ್ನೇ ನಂಬಿ ಬೆಳೆದಳು.

ಈಗ ಚೊಲೆಂಗ್‌ಗೆ ಹದಿನೇಳು. ಮಾತೆಯ ಹೆಸರೇ ಇಟ್ಟದ್ದು, ಸೊಲೆದಾದ್. ಶಾಲೆಯಲ್ಲಿ ಮಾತ್ರ ಅವಳು ಸ್ಯಾಲಿ. ಮೂರನೆಯ ತರಗತಿಗೆ ಹಂಗಾಮಿ ಟೀಚರು. ಪಾಠವೆಲ್ಲ ಇಂಗ್ಲಿಷಿನಲ್ಲಿ, ಊಟಕ್ಕೆ ಕೂತಾಗ ಮಾತ್ರ ಅದೇ ಪಾಠವನ್ನು ಅಮ್ಮನಿಗೆ ನಮ್ಮ ಭಾಷೆಯಲ್ಲಿ ಒಪ್ಪಿಸುವಳು. "ಅಮೆರಿಕದೋರು ಬರೋ ಮುಂಚೆ ಇಲ್ಲೆಲ್ಲ ಬರೀ ದರೋಡೆಕೋರರೇ ಇದ್ರಂತೆ ಇನಾಂಗ್. ಕಾಡು ಸೇರ್ಕೊಂಡು ಜನಾನ ಸುಲೀತಿದ್ರಂತೆ." ಇನಾಂಗ್, ಅಂದರೆ ಅಮ್ಮ, "ಹೂಂ, ಮೀನು ತಣ್ಣಗಾಗುತ್ತೆ, ತಿನ್ನು" ಎನ್ನುವಳು.

ಆ ವರ್ಷದ ಪವಿತ್ರ ವಾರ. ಸೋಮವಾರ ಬೆಳಿಗ್ಗೆ ಚೊಲೆಂಗ್ ಇಸ್ತ್ರಿ ಮಾಡುತ್ತಾ ಸಹಜವಾಗಿ ಹೇಳಿದಳು: "ಬುಧವಾರ ಮಿಸ್ ಎಲ್ವೆಲ್ ನಮ್ಮನೆಗೆ ಬರ್ತಾರೆ. ಮಾತೆಗೆ ಬಟ್ಟೆ ಉಡ್ಸೋದು ನೋಡ್ಬೇಕಂತೆ. ನಾನೇ ಕರೆದೆ."

ಮಿಸ್ ಎಲ್ವೆಲ್ ಎಂದರೆ ಆರೇಳು ಊರಿನ ಶಾಲೆಗಳನ್ನು ನೋಡಿಕೊಳ್ಳುವ ಅಮೆರಿಕದ ಹೆಂಗಸು. ಬಂದು ಎರಡು ತಿಂಗಳಾಗಿತ್ತು. ಪನ್ಯಾಂಗ್ ಹೊಲಿಗೆ ಬದಿಗಿಟ್ಟಳು.

"ಅವ್ರು ನಮ್ಮ ಮತದೋರೇ ಅಲ್ವಲ್ಲೇ!"

"ಹೆಂಗಸು ತಾನೆ? ಗಂಡಸರು ಬರ್ಬಾರ್ದು ಅಂತ ಇರೋದು."

"ಮದುವೆಯಾಗ್ದೋರೂ ಒಳಗೆ ಬರೋ ಹಾಗಿಲ್ಲ." ಈ ಕಟ್ಟಳೆಯನ್ನು ಮಗಳನ್ನು ಹೊರಗಿಡಲೆಂದು ಪನ್ಯಾಂಗಳೇ ಹುಟ್ಟಿಸಿದ್ದು. ಪ್ರತಿ ವರ್ಷ ಚೊಲೆಂಗ್ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಾ ಕೂರಬೇಕಾಗಿತ್ತು.

"ಅವರಿಗೂ ಮದುವೆಯಾಗಿಲ್ಲ. ಹೋಗಿ ಹೇಳ್ಲಾ, 'ಮಿಸ್, ನೀವು ಗಂಡನ್ನ ಹುಡುಕ್ಕೊಂಡು ಬನ್ನಿ' ಅಂತ? ನಾನೂ ಒಳಗಿರ್ತೀನಿ. ಇಂಗ್ಲಿಷಲ್ಲಿ ಹೇಳೋರು ಬೇಡ್ವಾ?" ಚೊಲೆಂಗ್ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟಳು. "ಇನಾಂಗ್, ಮೇ ತಿಂಗಳಲ್ಲಿ ಖಾಯಂ ಪಟ್ಟಿ ಬರೆಯೋರು ಅವರೇ. ಒಂದು ದಿನ ನಮ್ಮನೇಲಿ ಕೂತು ಹೋಗ್ಲಿ. ಅಷ್ಟೂ ಮಾಡಲ್ವಾ ನನಗೋಸ್ಕರ?"

ಇಷ್ಟು ಕೇಳಿದ ಮೇಲೆ ಬೇಡ ಎನ್ನುವುದು ಹೇಗೆ? ಮಗಳು ಖಾಯಂ ಆಗಲೆಂದು ಪನ್ಯಾಂಗ್ ಒಂಬತ್ತು ದಿನದ ಪ್ರಾರ್ಥನೆಯನ್ನು ಮೂರು ಸಲ ಮುಗಿಸಿದ್ದಳು. ಈಗ ಅದೇ ಮಾತೆಯ ಲಂಗದೊಳಗೆ ಮಗಳ ಕೆಲಸವನ್ನು ನುಂಗುವ ಬಟ್ಟೆ ಕೂತಿತ್ತು. ಕೆಲಸ ಹೋದರೆ ಹೋಗಲಿ, ಹುಡುಗಿಯನ್ನೇ ಹಿಡಿದುಕೊಂಡು ಹೋದರೆ? ಟೀಚರಾಗುವಾಗ ಅಮೆರಿಕಕ್ಕೆ ನಿಷ್ಠಳಾಗಿರುತ್ತೇನೆಂದು ಕೈಯೆತ್ತಿ ಆಣೆ ಮಾಡಿದ್ದಳಲ್ಲ! ಅಂದು ಪನ್ಯಾಂಗ್ ಹೊಲಿದ ನಕ್ಷತ್ರಗಳೆಲ್ಲ ಸೊಟ್ಟಗಾದವು.

ತೆಗೆದುಬಿಡೋಣವೆಂದರೆ ಗಾಜಿನ ಪೆಟ್ಟಿಗೆಯ ಬೀಗದ ಕೈ ಅವಳ ಬಳಿ ಇರಲಿಲ್ಲ. ಮಾತೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಕೊರಳಲ್ಲಿ; ಒಡವೆಗೆ ಯಾರೂ ಆಸೆ ಪಡಬಾರದೆಂದು ಹಿರಿಯರು ಮಾಡಿಟ್ಟ ಏರ್ಪಾಡು ಅದು. ಮಂಗಳವಾರ ಬಿಸಿಲಿನಲ್ಲೇ ಪನ್ಯಾಂಗ್ ಹೊಳೆಯಾಚೆಯ ಇಸ್ಕಾಳ ಮನೆಗೆ ಓಡಿದಳು. ಇಸ್ಕಾ ಮೆಟ್ಟಿಲ ಮೇಲೆ ಕೂತು, ಚುಟ್ಟಾದ ಉರಿಯುವ ತುದಿಯನ್ನು ಬಾಯೊಳಗಿಟ್ಟುಕೊಂಡು ಸೇದುತ್ತಿದ್ದಳು. ಎಪ್ಪತ್ತು ವರ್ಷದ ಮುದುಕಿ, ನಾಲಿಗೆ ಮಾತ್ರ ಹದಿನಾರರದ್ದು. ಪನ್ಯಾಂಗ್ ಅವಳನ್ನು ಆತೆ, ಅಂದರೆ ಅಕ್ಕ, ಎನ್ನುತ್ತಿದ್ದಳು.

"ಆತೆ, ಬೀಗದ ಕೈ ಕೊಡಿ. ಒಂದು ಗಳಿಗೆ ಸಾಕು. ಅದನ್ನ ತೆಗೆದು ಬೇರೆ ಕಡೆ ಇಡ್ತೀನಿ."

ಇಸ್ಕಾ ಎಲ್ಲವನ್ನೂ ಕೇಳಿಸಿಕೊಂಡಳು. ಚುಟ್ಟಾ ತೆಗೆದು ಬೂದಿ ಕೊಡವಿದಳು. "ಕೊಡಲ್ಲ."

"ಅಯ್ಯೋ, ಹುಡುಗಿ ಗತಿಯೇನು?"

"ನನ್ನ ತಮ್ಮನ ಗತಿಯೇನು? ಅವನ ಹೆಣ ನೋಡ್ದೋರು ಯಾರಿದ್ದಾರೆ? ಒಂದು ಗಂಟೆ ಹೊಡೀಲಿಲ್ಲ, ಒಂದು ಮೇಣದಬತ್ತಿ ಹಚ್ಲಿಲ್ಲ. ವರ್ಷಕ್ಕೊಂದು ಸಲ ಮಾತೆ ಮಡಿಲಲ್ಲಿ ಕೂತ್ಕೊಂಡು ಊರು ಸುತ್ತುತ್ತಾನೆ. ಊರೆಲ್ಲ ಹಿಂದೆ ಅಳ್ತಾ ಹೋಗುತ್ತೆ. ಆ ಪುರಸಭೆ ಮುಂದೇನೇ, ನೀನು ಹೊಲಿದ ಆ ಪಟ್ಟಾಪಟ್ಟಿ ಬಾವುಟದ ಕೆಳಗೇನೇ ಹಾದುಹೋಗ್ತಾನೆ! ಅವನ ಶವಯಾತ್ರೆ ಅದು ಪನ್ಯಾಂಗ್. ಒಬ್ಬಳು ಬಿಳಿ ಹೆಂಗಸು ಬಂದ್ಳು ಅಂತ ಇಳಿಸ್ತೀಯಾ ಅವನನ್ನ?"

"ನನಗೆ ಮಾತ್ರ ಸಂಕಟ ಇಲ್ವಾ ಆತೆ? ನನ್ನ ಗಂಡ ಅವನು!"

"ಹಾಗಾದ್ರೆ ಹುಡುಗಿಗೆ ಹೇಳು. ಅವಳೇ ಮಿಸ್ಸಮ್ಮನ್ನ ಬರ್ದ ಹಾಗೆ ನೋಡ್ಕೊಳ್ತಾಳೆ."

"ಹೇಳಿದ್ರೆ ಅವಳ ಮುಖದಲ್ಲೇ ಗೊತ್ತಾಗಿಬಿಡುತ್ತೆ. ಸುಳ್ಳು ಹೇಳೋಕೆ ಬರಲ್ಲ ಅದಕ್ಕೆ."

"ನಿನ್ನ ಹೊಟ್ಟೇಲಿ ಹುಟ್ಟಿ ಸುಳ್ಳು ಬರಲ್ವಾ? ಆಶ್ಚರ್ಯ" ಎಂದು ಇಸ್ಕಾ ಚುಟ್ಟಾ ಮತ್ತೆ ಬಾಯಿಗಿಟ್ಟಳು. ಮಾತು ಅಲ್ಲಿಗೆ ಮುಗಿಯಿತು.

ದಾರಿಯುದ್ದಕ್ಕೂ ಪನ್ಯಾಂಗ್ ಒಂದು ಉಪಾಯ ಹೂಡಿದಳು. ಹೊರಗಿನ ಬಟ್ಟೆ, ಒಡವೆ, ಮೊದಲನೆಯ ಬಿಳಿ ಲಂಗ ಅವರ ಎದುರಿಗೇ ತೆಗೆಯುವುದು. ಕೊನೆಯದಕ್ಕೆ ಬರುವಷ್ಟರಲ್ಲಿ ಮಿಸ್ಸನ್ನೂ ಮಗಳನ್ನೂ ಜಗಲಿಗೆ ಕಳಿಸಿ ಬಿಸಿ ಚಾಕೊಲೇಟು, ಬಾಳೆಲೆಯಲ್ಲಿ ಬೇಯಿಸಿದ ಸುಮಾನ್ ಕೊಡುವುದು. ಅವರು ತಿಂದು ಮುಗಿಸುವಷ್ಟರಲ್ಲಿ ತಾನು, ಇಸ್ಕಾ ಕೊಡವಿ ಸುತ್ತಿಬಿಡುವುದು. ರಾತ್ರಿಯೇ ಅಕ್ಕಿ ನೆನೆಹಾಕಿದಳು.

ಬುಧವಾರ ಮೂರು ಗಂಟೆಗೆ ಮಿಸ್ ಎಲ್ವೆಲ್ ಬಂದಳು. ಉದ್ದನೆಯ ಹೆಂಗಸು, ಮೂಗಿನ ಮೇಲೆ ಬಿಸಿಲಿಗೆ ಸುಲಿದ ಚರ್ಮ. ಬಾಗಿಲಲ್ಲೇ ಬೂಟು ಬಿಚ್ಚಿದಳು, ಯಾರೂ ಹೇಳಿರಲಿಲ್ಲ. ಪನ್ಯಾಂಗ್ ಸಿಟ್ಟು ಮಾಡಿಕೊಳ್ಳಲು ಒಂದು ಕಾರಣ ಹುಡುಕುತ್ತಿದ್ದಳು, ಸಿಗಲಿಲ್ಲ. ಪಕ್ಕದ ಬೀದಿಯಲ್ಲಿ ಯೇಸುವಿನ ಯಾತನೆಯ ಕಥೆಯನ್ನು ರಾಗವಾಗಿ ಹಾಡುತ್ತಿದ್ದರು. ಇಸ್ಕಾ ಕೊರಳಿನಿಂದ ಬೀಗದ ಕೈ ತೆಗೆದಳು.

ಕಿರೀಟ ಇಳಿಯಿತು. ನಿಲುವಂಗಿ ಇಳಿಯಿತು. ಮಿಸ್ ಎಲ್ವೆಲ್ ಗುಂಡುಸೂಜಿಗಳನ್ನು ತನ್ನ ತುಟಿಯ ನಡುವೆ ಹಿಡಿದುಕೊಂಡು, ಒಂದೊಂದಾಗಿ ತಟ್ಟೆಗೆ ಹಾಕುತ್ತಿದ್ದಳು, ಥೇಟ್ ನಮ್ಮ ದರ್ಜಿ ಹೆಂಗಸರ ಹಾಗೆ. ಮೊದಲ ಲಂಗ ಬಿಚ್ಚಿದ ಕೂಡಲೇ ಪನ್ಯಾಂಗ್ ಎದ್ದಳು.

"ಚೊಲೆಂಗ್, ಮಿಸ್‌ನ ಕರ್ಕೊಂಡು ಹೋಗು. ಸುಮಾನ್ ಆರಿಹೋಗುತ್ತೆ. ಮಿಕ್ಕಿದ್ದು ಬರೀ ಧೂಳು, ನೋಡೋಂಥದ್ದೇನಿಲ್ಲ."

ಚೊಲೆಂಗ್ ಇಂಗ್ಲಿಷಿನಲ್ಲಿ ಹೇಳಿದಳು. ಮಿಸ್ ಎಲ್ವೆಲ್ ನಗುತ್ತಾ ತಲೆಯಾಡಿಸಿ ಮಾತೆಯ ಮುಂದೆ ಮಂಡಿಯೂರಿ ಕೂತುಬಿಟ್ಟಳು. "ಕೆಲಸ ಮುಗಿಸಿ ಎಲ್ಲರೂ ಒಟ್ಟಿಗೆ ತಿನ್ನೋಣ ಅಂತಿದ್ದಾರೆ ಇನಾಂಗ್. ನಾವು ಕೂತು ತಿಂದು ನೀವು ಧೂಳು ಕೊಡವೋದಾ ಅಂತಾರೆ. ಎಂಥ ಒಳ್ಳೆಯವರು ನೋಡು!" ಎನ್ನುತ್ತಾ ಚೊಲೆಂಗ್ ಎರಡನೆಯ ಲಂಗದ ಲಾಡಿಗೆ ಕೈ ಹಾಕಿದಳು. "ಬೇಡ, ನಾನು..." ಎಂದು ಪನ್ಯಾಂಗ್ ಮುಂದೆ ಬರುವಷ್ಟರಲ್ಲಿ ಲಂಗ ಸರ್‍ರನೆ ಕೆಳಗೆ ಬಿತ್ತು.

ಕೆಂಪು. ನೀಲಿ. ಮುಂದುಗಡೆ ಬಿಳಿಯ ತ್ರಿಕೋನ, ಅದರ ನಡುವೆ ಪನ್ಯಾಂಗಳ ಮದುವೆಯ ರೇಷ್ಮೆಯ ಸೂರ್ಯ. ಹದಿನೆಂಟು ವರ್ಷವಾಗಿದ್ದರೂ ರೇಷ್ಮೆ ಇನ್ನೂ ಹೊಳೆಯುತ್ತಿತ್ತು.

ಇಸ್ಕಾ ಶಿಲುಬೆಯ ಗುರುತು ಮಾಡಿಕೊಂಡಳು. ಪನ್ಯಾಂಗ್ ಮಗಳ ಮುಖ ನೋಡಿದಳು. ಈಗ ಚೀರುತ್ತಾಳೆ, ಬಿಳುಚಿಕೊಳ್ಳುತ್ತಾಳೆ, ಲಂಗ ಎತ್ತಿ ಮುಚ್ಚುತ್ತಾಳೆ ಎಂದು ಕಾದಳು. ಆ ಮುಖದಲ್ಲಿ ಏನೆಂದರೆ ಏನೂ ಇರಲಿಲ್ಲ.

"ಅಬ್ಬಾ, ಎಷ್ಟು ಚೆಂದದ ಕಸೂತಿ!" ಎಂದಳು ಚೊಲೆಂಗ್. "ಇಂಥದ್ದನ್ನ ಯಾಕೆ ಇನಾಂಗ್ ಒಳಗೆ ಹಾಕಿದ್ದೀಯಾ?"

ಪೊಲೀಸರಿಂದ ಬಚ್ಚಿಟ್ಟೆ ಎಂದುಕೊಂಡಿದ್ದಳಲ್ಲ ಪನ್ಯಾಂಗ್! ಪೊಲೀಸರಲ್ಲಿ ಪ್ರತಿಯೊಬ್ಬನಿಗೂ ಇಂಥ ಬಾವುಟ ಹೇಗಿರುತ್ತದೆಂದು ಗೊತ್ತಿತ್ತು, ಕಣ್ಣು ಮುಚ್ಚಿ ಅದರ ಚಿತ್ರ ಬರೆಯಬಲ್ಲವರಾಗಿದ್ದರು. ಗೊತ್ತಿಲ್ಲದ್ದು ತೆರಿಯೊನ ಮಗಳಿಗೊಬ್ಬಳಿಗೇ. ಪನ್ಯಾಂಗಳ ಎದೆಯೊಳಗೆ ಹೆದರಿಕೆಯ ಪಕ್ಕದಲ್ಲಿ ಇನ್ನೊಂದೇನೋ ಬಂದು ಕೂತಿತು, ಅದು ಹೆದರಿಕೆಗಿಂತ ಹೆಚ್ಚು ನೋಯುತ್ತಿತ್ತು.

ಮಿಸ್ ಎಲ್ವೆಲ್ ಮಾತಾಡಲು ಶುರು ಮಾಡಿದಳು. ಸೂರ್ಯನ ಅಂಚನ್ನು ಬೆರಳಿನಿಂದ ಮುಟ್ಟಿದಳು. ಆ ಭಾಷೆಯಲ್ಲಿ ಪನ್ಯಾಂಗಳಿಗೆ ಹತ್ತು ಪದವೂ ಬಾರದು. ದನಿಯಲ್ಲಿ ಸಿಟ್ಟಿದೆಯೇ, ಪೊಲೀಸಿದೆಯೇ ಎಂದು ಕಿವಿಗೊಟ್ಟಳು, ಗೊತ್ತಾಗಲಿಲ್ಲ.

"ಇವರ ಮನೆ ಗೋಡೆ ಮೇಲೂ ಇಂಥದ್ದೇ ಒಂದಿದೆಯಂತೆ!" ಚೊಲೆಂಗ್ ಉತ್ಸಾಹದಿಂದ ಹೇಳಿದಳು. "ಗಾಜಿನ ಕಟ್ಟು ಹಾಕ್ಸಿದ್ದಾರಂತೆ. ಅಣ್ಣ ಇಲ್ಲಿ ಸಿಪಾಯಿಯಾಗಿದ್ರಂತೆ, ಯುದ್ಧದಲ್ಲಿ ಸಿಕ್ಕಿದ್ದು ಅಂತ ತಂದ್ರಂತೆ. ಅದ್ರಲ್ಲಿ ತೂತುಗಳಿವೆಯಂತೆ, ಇದು ಹೊಸದ್ರ ಹಾಗಿದೆ ಅಂತಾರೆ. ನಿಮ್ಮ ಹತ್ರ ಹೇಗೆ ಬಂತು ಅಂತ ಕೇಳ್ತಿದ್ದಾರೆ." ತುಸು ಯೋಚಿಸಿ ಕೇಳಿದಳು: "ಯಾವ ಯುದ್ಧ ಇನಾಂಗ್? ಸ್ಪೇನಿನೋರ ಮೇಲಿಂದಾ?"

"ಅಲ್ಲ" ಎಂದಳು ಇಸ್ಕಾ.

ಇನ್ನೂ ಕಾಲ ಮೀರಿರಲಿಲ್ಲ. ಸಂತೆಯಲ್ಲಿ ಕೊಂಡ ಹಳೇ ಬಟ್ಟೆ ಎಂದಿದ್ದರೆ ಮಗಳು ಹಾಗೇ ಹೇಳುತ್ತಿದ್ದಳು, ಆ ಹೆಂಗಸು ತಲೆಯಾಡಿಸಿ ಸುಮಾನ್ ತಿಂದು ಹೋಗುತ್ತಿದ್ದಳು. ಆ ಮಾತು ಪನ್ಯಾಂಗಳ ನಾಲಿಗೆಯ ತುದಿಗೂ ಬಂದಿತ್ತು.

"ಅವರಿಗೆ ಸಂತೇಲಿ ತಗೊಂಡಿದ್ದು ಅಂತ ಹೇಳು" ಎಂದಳು. "ನಿನಗೆ ಹೇಳ್ತೀನಿ, ಇದು ನಿಮ್ಮಪ್ಪಂದು. ಕಾಲರಾ ಅಲ್ಲ ಚೊಲೆಂಗ್. ಇವರಣ್ಣ ಬಂದಿದ್ರಲ್ಲ, ಆ ಯುದ್ಧ. ನೀವು ಪಾಠದಲ್ಲಿ ದರೋಡೆಕೋರರು ಅಂತೀರಲ್ಲ, ಅವರಲ್ಲೊಬ್ಬ ನಿಮ್ಮಪ್ಪ. ಇದಿದೆ ಅಂತ ಗೊತ್ತಾದ್ರೆ ಜೈಲು."

ಚೊಲೆಂಗ್ ಬಾವುಟವನ್ನೇ ನೋಡಿದಳು. ಕೈಯಲ್ಲಿ ಲಂಗದ ಲಾಡಿ ಹಾಗೇ ಇತ್ತು. ಮಿಸ್ ಎಲ್ವೆಲ್ ನಗುಮುಖದಿಂದಲೇ ಕಾಯುತ್ತಿದ್ದಳು, ಅವಳಿಗೆ ನಮ್ಮ ಭಾಷೆಯ ಗಂಧವೂ ಇರಲಿಲ್ಲ. "ಸ್ಯಾಲಿ?" ಎಂದು ಮೆಲ್ಲಗೆ ಕರೆದಳು.

ಚೊಲೆಂಗ್ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ನಾಲ್ಕೈದೇ ಪದ. ಪನ್ಯಾಂಗಳಿಗೆ ಗೊತ್ತಿದ್ದ ಹತ್ತು ಪದಗಳಲ್ಲಿ ಒಂದು ಅದರಲ್ಲಿತ್ತು: ಫಾದರ್.

ಹೇಳಿಬಿಟ್ಟಳು! ಮಿಸ್ ಎಲ್ವೆಲ್‌ಳ ನಗು ಮೆಲ್ಲಗೆ ಇಳಿಯಿತು. ಬಾವುಟದ ಮೇಲಿದ್ದ ಬೆರಳನ್ನು ಹಿಂದಕ್ಕೆಳೆದುಕೊಂಡಳು. ಉಳಿದ ಸೂಜಿಗಳನ್ನು ತಟ್ಟೆಗೆ ಹಾಕಿ ಎದ್ದು, ತಲೆನೋವೆಂದೋ ಏನೋ ಹೇಳಿ, ಬೂಟಿನ ಲೇಸನ್ನೂ ಕಟ್ಟದೆ ಮೆಟ್ಟಿಲಿಳಿದು ಹೋದಳು. ಸುಮಾನ್ ಎಲೆ ಬಿಚ್ಚದೆ ಹಾಗೇ ಉಳಿಯಿತು.

"ಯಾಕೇ ಹೇಳ್ದೆ? ಯಾಕೇ? ಸಂತೆ ಅನ್ನು ಅಂದ್ನಲ್ಲ!"

"ಬಾಯಿಗೆ ಬರ್ಲಿಲ್ಲ" ಎಂದಳು ಚೊಲೆಂಗ್. ಆಮೇಲೆ ಸಿಟ್ಟು ಉಕ್ಕಿತು. "ನನ್ನನ್ನ ಕೇಳ್ತೀಯಾ ಯಾಕೆ ಅಂತ? ನೀನ್ಯಾಕೆ ಹೇಳ್ಲಿಲ್ಲ? ಸುಣ್ಣದ ಗುಂಡಿ ಹತ್ರ ಹೋಗಿ ಮೇಣದಬತ್ತಿ ಹಚ್ಚಿ ಬರ್ತಿದ್ದೆ ನಾನು, ಯಾರದೋ ಹೆಣಗಳಿಗೆ! ಮಕ್ಕಳಿಗೆ ಏನು ಪಾಠ ಹೇಳ್ತಿದ್ದೆ ಗೊತ್ತಾ?"

"ಗೊತ್ತು. ಊಟಕ್ಕೆ ಕೂತಾಗ ನೀನೇ ಹೇಳ್ತಿದ್ದೆಯಲ್ಲ."

"ಕೇಳಿಸ್ಕೊಂಡು ಸುಮ್ನಿದ್ಯಾ?"

"ನೀನು ಬದುಕಿರ್ಲಿ ಅಂತ ಸುಮ್ನಿದ್ದೆ" ಎಂದು ಪನ್ಯಾಂಗ್ ಅತ್ತಳು. "ಆತೆ, ಈಗ್ಲಾದ್ರೂ ತೆಗೀರಿ. ಒಲೆಗೆ ಹಾಕ್ಬಿಡೋಣ. ಅವಳು ಯಾರಿಗೆ ಹೇಳೋಕೆ ಹೋದ್ಳೋ!"

ಇಸ್ಕಾ ಈ ಸಲ ಬೇಡ ಎನ್ನಲಿಲ್ಲ. ತಮ್ಮನ ಹೆಂಡತಿಯ ಅಳು ನೋಡಿ ಅವಳ ಮೊಂಡುತನವೂ ಕರಗಿತ್ತು. ಬಾವುಟದ ಗಂಟಿಗೆ ಕೈ ಹಾಕಿದಳು. ಆ ಕೈಯನ್ನು ಹಿಡಿದು ನಿಲ್ಲಿಸಿದವಳು ಚೊಲೆಂಗ್.

"ಇರ್ಲಿ ಅತ್ತೆ. ನಾನು ಅಪ್ಪನ್ನ ನೋಡಿ ಇನ್ನೂ ಅರ್ಧ ಗಂಟೆ ಆಗಿಲ್ಲ."

ಕಪ್ಪು ಮಕಮಲ್ಲನ್ನು ಆ ದಿನ ಉಡಿಸಿದವಳು ಚೊಲೆಂಗ್‌ಳೇ.

ಗುರುವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ಪೊಲೀಸ್. ಅವನು ಟೋಪಿ ತೆಗೆದು, ನಾಳೆ ಮೆರವಣಿಗೆ ಐದು ಗಂಟೆಗೆ ಸರಿಯಾಗಿ ಹೊರಡಬೇಕಂತೆ, ತಡ ಮಾಡಬೇಡಿ ಎಂದು ಹೇಳಿ, ಎರಡು ಸುಮಾನ್ ಇಸಿದುಕೊಂಡು ಹೋದ. ಅವನು ಹೋದ ಮೇಲೆ ತಿರುಗಿ ನೋಡಿದರೆ, ಗಾಜಿನ ಪೆಟ್ಟಿಗೆಗೆ ಅಡ್ಡವಾಗಿ ಚೊಲೆಂಗ್ ನಿಂತಿದ್ದಳು. ಎರಡೂ ಕೈ ಬೆನ್ನ ಹಿಂದೆ, ಬೀಗದ ಮೇಲೆ. ಯಾವಾಗ ಬಂದು ನಿಂತಳೋ.

ಶುಕ್ರವಾರ ಸಂಜೆ ಮಾತೆ ಹೊರಟಳು. ಪ್ರತಿ ವರ್ಷ ಶಾಲೆಯ ಮಕ್ಕಳ ಸಾಲಿನ ಮುಂದೆ ನಡೆಯುತ್ತಿದ್ದ ಚೊಲೆಂಗ್ ಈ ಸಲ ಅಮ್ಮನ ಪಕ್ಕದಲ್ಲಿ, ತೇರಿಗೆ ಒತ್ತಿಕೊಂಡು ನಡೆದಳು. ಪುರಸಭೆಯ ತಿರುವಿನಲ್ಲಿ ಹೊಳೆಯ ಕಡೆಯಿಂದ ಯಾವಾಗಲೂ ಗಾಳಿ. ಮೇಲೆ ಪನ್ಯಾಂಗ್ ಹೊಲಿದ ನಲವತ್ತೆಂಟು ನಕ್ಷತ್ರ ಪಟಪಟನೆ ಹೊಡೆದುಕೊಳ್ಳುತ್ತಿದ್ದವು. ಬಾಲ್ಕನಿಯಲ್ಲಿ ಊರಿನ ಅಧಿಕಾರಿಗಳು, ಪೊಲೀಸ್ ಮುಖ್ಯಸ್ಥ, ಅವನ ಪಕ್ಕದಲ್ಲೇ ಮಿಸ್ ಎಲ್ವೆಲ್. ಎರಡು ದಿನದಿಂದ ಅವಳು ಯಾರಿಗೆ ಏನು ಹೇಳಿದ್ದಳೋ, ಹೇಳಿರಲಿಲ್ಲವೋ. ಅವಳ ಕಣ್ಣು ಮಾತೆಯ ಮುಖದ ಮೇಲಿರಲಿಲ್ಲ, ಕಪ್ಪು ಲಂಗದ ಅಂಚಿನ ಮೇಲಿತ್ತು.

ಗಾಳಿ ಬೀಸಿತು. ಮಕಮಲ್ಲಿನ ಅಂಚು ಎದ್ದಿತು, ಅದರ ಕೆಳಗೆ ಬಿಳಿಯ ಲಂಗವೂ ಎದ್ದಿತು. ಪನ್ಯಾಂಗಳ ಕೈ ಮುಂದೆ ಹೋಗುವ ಮೊದಲೇ ಚೊಲೆಂಗ್ ಆ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿಕೊಂಡಿದ್ದಳು. ಗೆಣ್ಣುಗಳು ಬೆಳ್ಳಗಾಗಿದ್ದವು, ಮೊಣಕೈವರೆಗೂ ನಡುಕ.

"ಕೈ ನಡುಗ್ತಿದೆ ಮಗಳೇ" ಎಂದು ಪನ್ಯಾಂಗ್ ಪಿಸುಗುಟ್ಟಿದಳು. "ಬಿಡು, ನಾನು ಹಿಡ್ಕೊಳ್ತೀನಿ."

ಚೊಲೆಂಗ್ ಬಾಲ್ಕನಿಯ ಕಡೆ ನೋಡಲಿಲ್ಲ. "ನಿನಗೂ ಹೀಗೇ ಆಗ್ತಿತ್ತಾ? ಪ್ರತಿ ವರ್ಷ?"

"ಪ್ರತಿ ವರ್ಷ."

ಮಗಳಿಗೆ ಅಪ್ಪನನ್ನು ಕೊಟ್ಟೆ ಎಂದು ಪನ್ಯಾಂಗ್ ಬುಧವಾರದಿಂದ ಒಳಗೊಳಗೇ ಸಮಾಧಾನಪಟ್ಟುಕೊಂಡಿದ್ದಳು. ಜೊತೆಗೆ ಈ ಹೆದರಿಕೆಯನ್ನೂ ಕೊಟ್ಟಿದ್ದೇನೆ ಎಂದು ಈಗ ತಿಳಿಯಿತು. ತನ್ನ ಕೈಯನ್ನು ಮಗಳ ಕೈಯ ಮೇಲಿಟ್ಟು ಒತ್ತಿದಳು. ಚೊಲೆಂಗ್ ಅಂಚನ್ನು ಬಿಡಲಿಲ್ಲ. ಪುರಸಭೆ ದಾಟಿ, ಚರ್ಚಿನ ಬಾಗಿಲವರೆಗೂ ಇಬ್ಬರೂ ಹಾಗೆಯೇ ನಡೆದರು.